ತವರುಮನೆಯ ಕ್ರಯಪತ್ರ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದ ಹಿರಿಯರು “ಮನೆ ಮಾರಿ ನೋಡು” ಎಂಬ ಮೂರನೆಯ ಮಾತನ್ನು ಸೇರಿಸದೆ ಹೋದರು. ಅವರ ಕಾಲದಲ್ಲಿ ಮನೆ ಮಾರುವುದು ಕಷ್ಟದ ಕೆಲಸವೆನ್ನುವುದಕ್ಕಿಂತ ಅವಮಾನದ ಕೆಲಸವಾಗಿದ್ದಿತು. ಸಾಲ ತೀರಿಸಲಾರದವನು ಮನೆ ಮಾರುತ್ತಿದ್ದನು. ಮಾರಿದವನು ಬೆಳಕು ಹರಿಯುವ ಮುನ್ನ ಗಾಡಿ ಹೂಡಿಸಿಕೊಂಡು ಬೇರೆ ಊರಿಗೆ ಹೋಗುತ್ತಿದ್ದನು. ಈಗ ಎಷ್ಟೋ ಮನೆಗಳು ಮಾರಾಟವಾಗುವುದು ಸಾಲಕ್ಕಲ್ಲ. ಮಕ್ಕಳು ಚೆನ್ನಾಗಿ ಓದಿದರು, ಚೆನ್ನಾಗಿ ಸಂಪಾದಿಸಿದರು, ನಾಲ್ವರೂ ನಾಲ್ಕು ಊರುಗಳಲ್ಲಿ ಬೇರೂರಿದರು ಎಂಬ ಸುಖದ ಕಾರಣಕ್ಕೆ. ಕಷ್ಟ ಬಂದು ಮಾರಿದ ಮನೆಗಾಗಿ ಅಳುವುದು ಸುಲಭ. ಏಳಿಗೆಯಾಗಿ ಮಾರಿದ ಮನೆಗಾಗಿ ಹೇಗೆ ಅಳಬೇಕೆಂಬುದು ಯಾರಿಗೂ ತಿಳಿಯದು.

ಇಂತಹ ಮಾರಾಟಗಳು ಹಬ್ಬದ ದಿನಗಳಲ್ಲಿಯೇ ಕುದುರುವುದಕ್ಕೆ ಕಾರಣಗಳುಂಟು. ಕೊಳ್ಳುವವನ ಕಡೆಯಿಂದ ನೋಡಿದರೆ, ಯುಗಾದಿ, ಅಕ್ಷಯ ತದಿಗೆ, ವಿಜಯದಶಮಿ ಎಂಬ ಮೂರು ಪೂರ್ಣ ಮುಹೂರ್ತಗಳು, ಬಲಿಪಾಡ್ಯಮಿಯೆಂಬ ಒಂದು ಅರೆ ಮುಹೂರ್ತ. ಇವುಗಳಿಗೆ ಪಂಚಾಂಗವನ್ನು ಬಿಚ್ಚಬೇಕಾಗಿಲ್ಲ. ಈ ಮೂರೂವರೆಯಲ್ಲಿ ಒಂದೂವರೆ ಶರತ್ಕಾಲದ ಒಂದೇ ತಿಂಗಳಿನೊಳಗೆ ಬರುತ್ತವೆ. ಅದಕ್ಕೆ ಹಿಂದಿನ ಹದಿನೈದು ದಿನ ಪಿತೃಪಕ್ಷ. ಆಗ ದಳ್ಳಾಳಿಯೂ ಮನೆ ತೋರಿಸಲು ಬರುವುದಿಲ್ಲ. ಮಾರುವವರ ಕಡೆಯ ಕಾರಣವು ಇದಕ್ಕಿಂತ ಸರಳವಾದದ್ದು. ಕ್ರಯಪತ್ರಕ್ಕೆ ಬೇಕಾದ ರುಜುಗಳೆಲ್ಲವೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಿರುವ ದಿನ ವರ್ಷದಲ್ಲಿ ಬೇರೊಂದಿಲ್ಲ. ಯಾವ ಹಬ್ಬವು ಮನೆಯವರನ್ನು ಒಂದುಗೂಡಿಸುವುದೋ, ಅದೇ ಹಬ್ಬವು ಮನೆಯನ್ನು ಕೈಬಿಡುವುದಕ್ಕೂ ಅನುಕೂಲವಾದ ದಿನವಾಗಿ ಒದಗುತ್ತದೆ.

2024ರ ದಸರೆಯಲ್ಲಿ ಮೈಸೂರಿನ ಒಂದು ಮನೆಗೆ ಹೀಗಾಯಿತು.

ಆ ಮನೆ ಪ್ಲೇಗಿನ ನಂತರ ಎದ್ದ ಬಡಾವಣೆಗಳಲ್ಲೊಂದರಲ್ಲಿ ಇದ್ದಿತು. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಮರುವರ್ಷ ಮಹಾಮಾರಿ ಬಂದಿತು. ಕೋಟೆಯೊಳಗೂ ಅದರ ಸುತ್ತಲೂ ಒತ್ತೊತ್ತಾಗಿ ಕಟ್ಟಿಕೊಂಡಿದ್ದ ಊರು ಗಾಳಿಬೆಳಕುಗಳನ್ನು ಹುಡುಕಿಕೊಂಡು ಹೊರಕ್ಕೆ ಹೊರಟಿತು. 1903ರಲ್ಲಿ ನಗರದ ಸುಧಾರಣೆಗೆಂದು ಟ್ರಸ್ಟ್ ಬೋರ್ಡು ಏರ್ಪಟ್ಟು, ಅಗಲವಾದ ಬೀದಿಗಳೂ ಅಳತೆಯಾದ ನಿವೇಶನಗಳೂ ಹುಟ್ಟಿಕೊಂಡವು. ಅರಮನೆಯ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದ ಗೃಹಸ್ಥರೊಬ್ಬರು ಅಂತಹ ನಿವೇಶನವೊಂದನ್ನು ಹಿಡಿದು, ಹೆಂಡತಿಯ ಒಡವೆಗಳಲ್ಲಿ ಅರ್ಧವನ್ನು ಮಾರಿ, ಮನೆ ಕಟ್ಟಿಸಿದರು. ಹೊಸ ಅರಮನೆ ಮುಗಿದ 1912ರಲ್ಲಿಯೇ ಇಲ್ಲಿಯೂ ಗೃಹಪ್ರವೇಶವಾಯಿತು. ಅರಮನೆಗೂ ಈ ಮನೆಗೂ ಒಂದೇ ವಯಸ್ಸೆಂದು ಹೇಳಿಕೊಳ್ಳುವುದು ಆ ಮನೆಯವರಿಗೆ ಮೂರು ತಲೆಮಾರುಗಳಿಂದಲೂ ಒಂದು ಸಣ್ಣ ಸಂತೋಷ.

ಮುಂದೆ ಜಗಲಿ, ಒಳಗೆ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ತೊಟ್ಟಿಯ ನಾಲ್ಕು ಮೂಲೆಗಳಲ್ಲಿ ತೇಗದ ಕಂಬ, ಹಿಂದೆ ಅಡಿಗೆಮನೆ, ಬಚ್ಚಲುಮನೆ, ಹಿತ್ತಲು, ಬಾವಿ. ಗಾರೆಯ ಗೋಡೆ, ಮಂಗಳೂರು ಹೆಂಚು. ಮಳೆ ಬಂದರೆ ತೊಟ್ಟಿಯ ನಾಲ್ಕು ಕಡೆಯಿಂದಲೂ ನೀರು ಧಾರೆಯಾಗಿ ಬೀಳುವುದನ್ನು ನೋಡುತ್ತ ಮಕ್ಕಳು ಕುಳಿತಿರುತ್ತಿದ್ದರು. ಇಷ್ಟನ್ನು ಹೇಳಿದರೆ ಮನೆಯ ವರ್ಣನೆ ಮುಗಿಯಿತು. ಹಳೆಯ ಮೈಸೂರಿನಲ್ಲಿ ಇಂತಹ ಮನೆಗಳು ನೂರಾರಿದ್ದವು. ಬೇರೆ ಊರಿನ ಮನೆಗಳಿಗೂ ಮೈಸೂರಿನ ಮನೆಗಳಿಗೂ ವ್ಯತ್ಯಾಸವಿದ್ದುದು ದಸರೆಯಲ್ಲಿ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಈ ಉತ್ಸವವು ಮೈಸೂರಿಗೆ ಬಂದ ಮೇಲೆ, ಇಲ್ಲಿ ಮನೆಯುಳ್ಳವರೆಲ್ಲರೂ ವರ್ಷಕ್ಕೆ ಹತ್ತು ದಿನ ಛತ್ರದ ಯಜಮಾನರೇ ಸರಿ. ಹಾಸಿಗೆಯ ಸುರುಳಿಯನ್ನು ಹೆಗಲಿಗೇರಿಸಿ ನೆಂಟರು ರೈಲಿನಿಂದ ಇಳಿಯುವರು. ನೆಂಟರ ನೆಂಟರೂ ಬರುವರು. ಈ ಮನೆಯ ಪಡಸಾಲೆಯಲ್ಲಿ ಒಂದು ವರ್ಷ ನಲವತ್ತೊಂದು ಜನ ಮಲಗಿದ್ದರೆಂದು ಲೆಕ್ಕವಿಟ್ಟವರು ಹೇಳುತ್ತಿದ್ದರು. ಅವರಲ್ಲಿ ಇಬ್ಬರು ಯಾರ ಕಡೆಯವರೆಂಬುದು ಕೊನೆಯವರೆಗೂ ತಿಳಿಯಲಿಲ್ಲವಂತೆ.

ನೆಂಟರು ಬರುವುದು ನಿಂತು ಬಹಳ ವರ್ಷಗಳಾದವು. ಆದರೆ ಬೊಂಬೆ ಕೂರಿಸುವುದು ಮಾತ್ರ ನಿಲ್ಲಲಿಲ್ಲ.

ಬೊಂಬೆಯ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕು. ಏಕೆಂದರೆ ಮುಂದಿನ ಮಾತಿಗೆ ಅದೇ ಆಧಾರ. ನವರಾತ್ರಿಯ ಮೊದಲ ದಿನ ಅಟ್ಟದಿಂದ ಪೆಟ್ಟಿಗೆಗಳನ್ನು ಇಳಿಸಿ, ಒಂಬತ್ತು ಮೆಟ್ಟಿಲು ಕಟ್ಟಿ, ಬಿಳಿಯ ಪಂಚೆ ಹಾಸುವರು. ಎಲ್ಲಕ್ಕಿಂತ ಮೇಲೆ ಕಲಶ ಮತ್ತು ಪಟ್ಟದ ಬೊಂಬೆಗಳು. ಮರದಲ್ಲಿ ಕಡೆದ ರಾಜ, ರಾಣಿ. ಕೆಳಗಿನ ಸಾಲುಗಳಲ್ಲಿ ದಶಾವತಾರ, ದೇವದೇವಿಯರು, ಚನ್ನಪಟ್ಟಣದ ಆಟಿಕೆಗಳು, ಅಕ್ಕಿಬೇಳೆಯ ಪುಟ್ಟ ರಾಶಿಗಳನ್ನು ಮುಂದಿಟ್ಟುಕೊಂಡ ಶೆಟ್ಟಿ, ಶೆಟ್ಟಿತಿ. ನೆಲದ ಮೇಲೆ ಮಣ್ಣು ಹರಡಿ ರಾಗಿ ಬಿತ್ತಿ ಮಕ್ಕಳು ಮಾಡಿದ ಉದ್ಯಾನ. ಅಂಬಾರಿಯಲ್ಲಿ ಮಹಾರಾಜರು ಕುಳಿತು ಬರುತ್ತಿದ್ದ ಕಾಲ ಹೋಗಿ, ಈಗ ಅಲ್ಲಿ ಚಾಮುಂಡೇಶ್ವರಿಯ ಮೂರ್ತಿ ಬರುತ್ತದೆ. 1971ರಲ್ಲಿ ರಾಜಧನವೂ ರದ್ದಾಯಿತು. ಮನೆಗಳ ಮೆಟ್ಟಿಲುಗಳ ಮೇಲೆ ಮಾತ್ರ ರಾಜರಾಣಿಯರ ಪಟ್ಟಕ್ಕೆ ಯಾವ ಚ್ಯುತಿಯೂ ಬಂದಿಲ್ಲ.

ಈ ಪಟ್ಟದ ಬೊಂಬೆಗಳು ಮನೆಗೆ ಬರುವುದು ಹೇಗೆ? ಮದುವೆಯಲ್ಲಿ ತಾಯಿತಂದೆಗಳು ಮಗಳಿಗೆ ಕೊಟ್ಟು ಕಳುಹಿಸುವರು. ಈ ಮನೆಯ ಮೇಲಿನ ಮೆಟ್ಟಿಲಿನಲ್ಲಿ ಮೂರು ಜೊತೆಗಳಿದ್ದವು. ಮನೆ ಕಟ್ಟಿಸಿದವರ ಹೆಂಡತಿ ತಂದದ್ದು ಒಂದು. ಅವರ ಸೊಸೆ, ಈಗ ಎಂಬತ್ತಾರು ವರ್ಷದ ಹಿರಿಯಮ್ಮ, ನಂಜನಗೂಡಿನ ತವರಿನಿಂದ ತಂದದ್ದು ಇನ್ನೊಂದು. ಅವರ ಸೊಸೆ ತಂದದ್ದು ಮೂರನೆಯದು. ಆ ಮನೆಯಲ್ಲಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳೂ ತಮ್ಮ ಜೊತೆಗಳನ್ನು ತೆಗೆದುಕೊಂಡು ಒಬ್ಬರು ಹಾಸನಕ್ಕೆ, ಒಬ್ಬರು ಶಿವಮೊಗ್ಗೆಗೆ ಹೋದರು. ಮನೆ ತಂದೆಯಿಂದ ಮಗನಿಗೆ ಇಳಿಯಿತು. ಬೊಂಬೆಗಳು ತಾಯಿಯಿಂದ ಮಗಳಿಗೆ ಹರಿದುವು. ಒಂದೇ ಸೂರಿನ ಕೆಳಗೆ ಎರಡು ವಂಶವೃಕ್ಷಗಳು ಬೆಳೆದಿದ್ದವು. ಒಂದಕ್ಕೆ ಕಾಗದಪತ್ರಗಳಿದ್ದವು, ಇನ್ನೊಂದಕ್ಕೆ ಇರಲಿಲ್ಲ.

ಗಂಡಿಗೆ ಮನೆ, ಹೆಣ್ಣಿಗೆ ಬೊಂಬೆ ಎಂಬ ಈ ಏರ್ಪಾಡಿಗೆ ಮೂಲವಾದ ಮಿತಾಕ್ಷರವು ಕನ್ನಡ ನಾಡಿನಲ್ಲಿಯೇ ರಚಿತವಾದ ಗ್ರಂಥ. ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ಬರೆದದ್ದು. ಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಎಂಬ ಅದರ ಮಾತು ಎಂಟುನೂರು ವರ್ಷ ನಡೆಯಿತು. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ ಒಂದು ಕಾಯಿದೆ ಮಾಡಿ ಸ್ವಲ್ಪ ಬಾಗಿಲು ತೆರೆಯಿತು. 1956ರ ಉತ್ತರಾಧಿಕಾರ ಕಾಯಿದೆ ಇನ್ನೂ ಅಗಲವಾಗಿ ತೆರೆದು, ವಾಸದ ಮನೆಯ ಮುಂದೆ ಬಂದಾಗ ಮಾತ್ರ ಹಿಂಜರಿಯಿತು. ಮನೆಯವರು ವಾಸವಾಗಿರುವ ಮನೆಯಲ್ಲಿ, ಗಂಡುವಾರಸುದಾರರು ತಾವಾಗಿ ಭಾಗ ಮಾಡಿಕೊಳ್ಳುವವರೆಗೆ ಹೆಣ್ಣು ಭಾಗ ಕೇಳಕೂಡದೆಂದು ಅದರ 23ನೆಯ ಕಲಮು ಹೇಳುತ್ತಿದ್ದಿತು. ಮಗಳಾದವಳಿಗೆ ಅಲ್ಲಿ ವಾಸದ ಹಕ್ಕಾದರೂ ಇರಬೇಕಾದರೆ ಆಕೆ ಮದುವೆಯಾಗದವಳೋ, ಗಂಡ ಬಿಟ್ಟವಳೋ, ಗಂಡನಿಂದ ಬೇರೆಯಾದವಳೋ, ವಿಧವೆಯೋ ಆಗಿರಬೇಕು. ಸುಖವಾಗಿ ಸಂಸಾರ ಮಾಡಿಕೊಂಡಿರುವ ಮಗಳಿಗೆ ತವರಿನ ಸೂರು ಏಕೆ ಎಂಬುದು ಶಾಸನಕರ್ತರ ಭಾವನೆಯಾಗಿದ್ದಿರಬಹುದು.

ಕರ್ನಾಟಕವು 1994ರಲ್ಲಿ ತಾನೇ ಮುಂದಾಗಿ ಹೆಣ್ಣುಮಕ್ಕಳನ್ನೂ ಹುಟ್ಟಿನಿಂದ ಸಮಭಾಗಿಗಳೆಂದು ಮಾಡಿತು. ಆದರೆ ಆ ವರ್ಷದ ಜುಲೈ 30ಕ್ಕೆ ಮುಂಚೆ ಮದುವೆಯಾದವರಿಗೆ ಆ ಹಕ್ಕಿಲ್ಲವೆಂದಿತು. ಈ ಮನೆಯ ಹಿರಿಯ ಮಗಳ ಮದುವೆ 1987ರಲ್ಲಿ, ಕಿರಿಯ ಮಗಳ ಮದುವೆ 1996ರಲ್ಲಿ. ಒಂದೇ ತೊಟ್ಟಿಲಲ್ಲಿ ಮಲಗಿದ ಇಬ್ಬರು ಅಕ್ಕತಂಗಿಯರಲ್ಲಿ ತಂಗಿಗೆ ಹಕ್ಕು ಉಂಟು, ಅಕ್ಕನಿಗೆ ಇಲ್ಲ ಎಂಬ ಸ್ಥಿತಿ ಹನ್ನೊಂದು ವರ್ಷ ಇದ್ದಿತು. ಅದು ಇದ್ದುದೂ ಆ ಇಬ್ಬರಿಗೂ ತಿಳಿಯದು, ಹೋದುದೂ ತಿಳಿಯದು. 2005ರ ತಿದ್ದುಪಡಿ ಈ ಭೇದವನ್ನು ಅಳಿಸಿತು, 23ನೆಯ ಕಲಮನ್ನೂ ತೆಗೆದುಹಾಕಿತು. 2020ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಉಳಿದಿದ್ದ ಸಂದೇಹವನ್ನೂ ಪರಿಹರಿಸಿತು. ಕಾಯಿದೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿತು. “ಕೊಟ್ಟ ಹೆಣ್ಣು ಕುಲಕ್ಕೆ ಹೊರಗು” ಎಂಬ ಗಾದೆ ಮಾತ್ರ ಇದ್ದಲ್ಲಿಯೇ ಇದ್ದಿತು.

ಮನೆಯ ಯಜಮಾನರು 2009ರಲ್ಲಿ ತೀರಿಕೊಂಡ ಮೇಲೆ ಹಿರಿಯ ಮಗನೇ ಅಲ್ಲಿದ್ದು ತಾಯಿಯನ್ನು ನೋಡಿಕೊಂಡರು. ಕೆಲಸದಲ್ಲಿ ಬಡ್ತಿಯೊಡನೆ ವರ್ಗ ಬಂದಾಗ, ತಾಯಿಯನ್ನು ಬಿಟ್ಟು ಹೋಗಲಾರದೆ, ಎರಡು ಸಲ ಬೇಡವೆಂದರು. ನೂರು ವರ್ಷ ದಾಟಿದ ಮನೆ ಮಳೆಗಾಲಕ್ಕೊಮ್ಮೆ ಒಂದು ಹೊಸ ರೋಗವನ್ನು ತೋರಿಸುವುದು. ತೊಲೆಗೆ ಗೆದ್ದಲು, ಹೆಂಚಿಗೆ ಬಿರುಕು, ಗೋಡೆಗೆ ತೇವ. ಅರುವತ್ತೆಂಟರ ವಯಸ್ಸಿನಲ್ಲಿ ಏಣಿ ಹತ್ತಿ ಹೆಂಚು ಸರಿಪಡಿಸುವಾಗ ಜಾರಿ ಸೊಂಟ ನೋಯಿಸಿಕೊಂಡ ಮೇಲೆ, ಮಾರುವುದೆಂದು ಅವರೇ ನಿಶ್ಚಯಿಸಿದರು. ಯಾರೂ ಆಕ್ಷೇಪಿಸಲಿಲ್ಲ. ಅಮೆರಿಕದಲ್ಲಿದ್ದ ತಮ್ಮನಿಗೆ ದಸರೆಗೆ ಮೂರು ವಾರ ರಜೆ ದೊರೆಯಿತು; ಅಕ್ಕತಂಗಿಯರು ಹೇಗೂ ಬರುವವರೇ.

ಆ ವರ್ಷ ಅಕ್ಟೋಬರ್ 3ರಂದು ಚಾಮುಂಡಿಬೆಟ್ಟದಲ್ಲಿ ಹಂ.ಪ. ನಾಗರಾಜಯ್ಯನವರು ದಸರೆಯನ್ನು ಉದ್ಘಾಟಿಸಿದರು. ಈ ಮನೆಯಲ್ಲಿ ಬೊಂಬೆ ಕೂತಿತು. ಐದನೆಯ ದಿನ ಸಂಜೆ ಕೊಳ್ಳುವವರು ಬಂದರು. ಹೋಟೆಲಿನ ವ್ಯಾಪಾರದವರು, ಜೊತೆಯಲ್ಲಿ ಅವರ ಪತ್ನಿ, ದಳ್ಳಾಳಿ, ಅಳತೆಯ ಟೇಪು ಹಿಡಿದ ಒಬ್ಬ ಹುಡುಗ. ಅವರಿಗೆ ಬೇಕಾದದ್ದು ಅರುವತ್ತು ತೊಂಬತ್ತರ ನೆಲ. ಅದರ ಮೇಲಿದ್ದ ಮನೆಗೆ ಅವರ ಲೆಕ್ಕದಲ್ಲಿ ಬೆಲೆಯಿರಲಿಲ್ಲ, ಕೆಡವುವ ಖರ್ಚಿತ್ತು. ಕಂಬಗಳನ್ನು ತಟ್ಟಿ ನೋಡಿ, ಹಳೆಯ ಮರದ ವ್ಯಾಪಾರಿಗಳಿಗೆ ಕೊಟ್ಟರೆ ಆ ಖರ್ಚು ಹುಟ್ಟುವುದೆಂದು ದಳ್ಳಾಳಿ ಸಂತೋಷದಿಂದಲೇ ಹೇಳಿದನು. ಅಷ್ಟರಲ್ಲಿ ಕೊಳ್ಳುವವರ ಪತ್ನಿ ಬೊಂಬೆಗಳ ಮುಂದೆ ನಿಂತುಬಿಟ್ಟಿದ್ದರು. ನವರಾತ್ರಿಯಲ್ಲಿ ಮನೆಗೆ ಬಂದ ಮುತ್ತೈದೆಯನ್ನು ಅರಿಶಿನ ಕುಂಕುಮವಿಲ್ಲದೆ ಕಳುಹಿಸುವುದುಂಟೆ? ಸೊಸೆಯಾದವರು ಮಣೆ ಹಾಕಿ ಕುಳ್ಳಿರಿಸಿ, ಕುಂಕುಮವಿಟ್ಟು, ಕಡಲೆಕಾಳಿನ ಉಸಲಿ ಕೊಟ್ಟು, ಎಲೆ ಅಡಿಕೆ ತೆಂಗಿನಕಾಯಿಗಳೊಡನೆ ರವಿಕೆಯ ಕಣವನ್ನು ಇಟ್ಟರು. ಟೇಪು ಹಿಡಿದ ಹುಡುಗನಿಗೂ ಬೊಂಬೆ ಬಾಗಿನದ ಪೊಟ್ಟಣ ಸಿಕ್ಕಿತು. ಅಂದಿನ ವ್ಯವಹಾರದಲ್ಲಿ ಚೌಕಾಸಿ ಸ್ವಲ್ಪ ಕಡಮೆಯಾಯಿತೆಂದು ದಳ್ಳಾಳಿ ಆಮೇಲೆ ಗೊಣಗಿದನಂತೆ.

ಬೆಲೆ ಕುದುರಿತು. ವಿಜಯದಶಮಿಯ ಮಧ್ಯಾಹ್ನ ಮುಂಗಡ ಕೊಡುವುದೆಂದಾಯಿತು. ವಕೀಲರು ಎರಡು ಬಗೆಯ ಕರಡುಗಳನ್ನು ಕಳುಹಿಸಿದರು. ಒಂದು ಕ್ರಯದ ಕರಾರು. ತಾಯಿ ಮತ್ತು ಇಬ್ಬರು ಗಂಡುಮಕ್ಕಳು ಮಾರುವವರು. ಇನ್ನೊಂದು ಹಕ್ಕು ಖುಲಾಸೆ ಪತ್ರ. ಇಬ್ಬರು ಹೆಣ್ಣುಮಕ್ಕಳು ಅರಿಶಿನ ಕುಂಕುಮದ ಬಾಬ್ತು ಇಂತಿಷ್ಟು ಹಣ ಪಡೆದು, ತಮ್ಮ ಹಕ್ಕನ್ನು ಸಹೋದರರ ಪರವಾಗಿ ಸ್ವಸಂತೋಷದಿಂದ ಬಿಟ್ಟುಕೊಟ್ಟಿರುವುದಾಗಿ. ಇದರಲ್ಲಿ ವಂಚನೆಯೇನೂ ಇರಲಿಲ್ಲ. ಸಾವಿರಾರು ಮನೆಗಳಲ್ಲಿ ಇಂದಿಗೂ ಇದೇ ಪದ್ಧತಿ. ಹಿರಿಯ ಮಗನು ಬರೆಸಿದ್ದ ಹಣವೂ ಸಣ್ಣದಲ್ಲ. ಆದರೆ ಪಾಲೂ ಅಲ್ಲ.

ಆಯುಧಪೂಜೆಯ ಸಂಜೆ ಅವರು ಆ ಕಾಗದವನ್ನು ಹಿರಿಯ ತಂಗಿಯ ಮುಂದೆ ಇಟ್ಟರು. ಕಾರಿಗೆ ಹೂವು ಮುಡಿಸಿ ಬೂದುಗುಂಬಳ ಒಡೆದಾಗಿತ್ತು. ಕುಡುಗೋಲು, ಈಳಿಗೆಮಣೆ, ಹೊಲಿಗೆಯ ಯಂತ್ರ ಎಲ್ಲಕ್ಕೂ ಕುಂಕುಮ. ಪುಸ್ತಕಗಳೂ ಲೇಖನಿಗಳೂ ಸರಸ್ವತಿಯ ಮುಂದಿದ್ದವು. ಅವರು ಕಾಗದವನ್ನು ಎರಡು ಸಲ ಓದಿ, “ಲೇಖನಿಗಳೆಲ್ಲ ಪೂಜೆಗೆ ಇಟ್ಟಿದೆಯಲ್ಲ ಅಣ್ಣ, ಈ ದಿವಸ ಬರೆಯಬಾರದು. ನಾಳೆಯಾಗಲಿ” ಎಂದರು. ಮಾತು ಶಾಸ್ತ್ರಸಮ್ಮತವಾಗಿದ್ದಿತು. ಒಂದು ರಾತ್ರಿಯ ವಾಯಿದೆ ದೊರೆಯಿತು.

ಮರುದಿನ ಬೆಳಗ್ಗೆ ಪೂಜೆಯಾದ ಮೇಲೆ ಅವರು ಹೇಳಿದ ಮಾತು ಹೆಚ್ಚಿನದಲ್ಲ. “ಅಣ್ಣ, ಬಿಟ್ಟುಕೊಟ್ಟೆ ಅಂತ ಬರೆದುಕೊಡಲಾರೆ. ಮಾರಿದೆ ಅಂತ ಬರೆದುಕೊಡುತ್ತೇನೆ. ಈ ಮನೆಯನ್ನು ನೀವು ಮೂವರು ಮಾರಿದಿರಿ, ನಾನು ಅದಕ್ಕೆ ಮುಂಚೆಯೇ ಬಿಟ್ಟುಹೋಗಿದ್ದೆ ಅಂತ ಕಾಗದದಲ್ಲಿ ಇರಬಾರದು.”

ಹಿರಿಯಣ್ಣನು ಇದನ್ನು ಹಣದ ಮಾತೆಂದೇ ತಿಳಿದನು. ಹಾಗೆ ತಿಳಿಯುವುದಕ್ಕೆ ಅವನಿಗೆ ಕಾರಣವಿಲ್ಲದಿಲ್ಲ. ಮಾರುವವಳೆಂದರೆ ಪಾಲಿನವಳೆಂದೇ ಅರ್ಥ. “ಪಾಲಿಗೆ ಬರುತ್ತೀ, ಸರಿ. ಹದಿನೈದು ವರ್ಷ ಸೂರು ಸೋರಿತಲ್ಲ, ಆಗ ಯಾರು ಪಾಲಿಗೆ ಬಂದರು?” ಎಂದು ಕೇಳಿದನು. ತೊಟ್ಟಿಯಲ್ಲಿ ನಿಂತಿದ್ದವರಾರೂ ಉತ್ತರ ಕೊಡಲಿಲ್ಲ. ಆ ಪ್ರಶ್ನೆಗೆ ಉತ್ತರ ಸುಲಭವಲ್ಲ. ಯಾರು ಹುಟ್ಟಿದರು ಎಂದು ಕಾಯಿದೆ ಕೇಳುತ್ತದೆ. ಯಾರು ಉಳಿದರು ಎಂದು ಕೇಳುವುದಿಲ್ಲ. ವೃದ್ಧರ ಹಾಸಿಗೆಯ ಬಳಿ ಕಳೆದ ರಾತ್ರಿಗಳಿಗೆ ಯಾವ ನೋಂದಣಿ ಪುಸ್ತಕದಲ್ಲಿಯೂ ಅಂಕಣವಿಲ್ಲ. ಹೆಣ್ಣುಮಕ್ಕಳ ಹಕ್ಕನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಈ ಅಣ್ಣನನ್ನು ಮರೆಯುತ್ತಾರೆ. ಅಣ್ಣಂದಿರ ಪರವಾಗಿ ಮಾತನಾಡುವವರಾದರೋ, ಅವನ ಪಕ್ಕದಲ್ಲಿಯೇ ಅಷ್ಟೂ ರಾತ್ರಿ ಎಚ್ಚರವಿದ್ದ ಅವನ ಹೆಂಡತಿಯನ್ನು ಮರೆಯುತ್ತಾರೆ.

ಅಮೆರಿಕದ ತಮ್ಮನು, ರಿಪೇರಿಯ ಖರ್ಚನ್ನೆಲ್ಲ ಮೊದಲು ಕಳೆದು ಮಿಕ್ಕದ್ದನ್ನು ಹಂಚೋಣ, ಲೆಕ್ಕ ಕೊಡು ಎಂದನು. ನ್ಯಾಯವಾದ ಮಾತು, ಆದರೆ ಆಡಬಾರದ ಹೊತ್ತಿನಲ್ಲಿ ಆಡಿದ್ದು. “ನಾನು ಕೂಲಿಗೆ ನೋಡಿಕೊಳ್ಳಲಿಲ್ಲ” ಎಂದು ಅಣ್ಣನು ಹಿತ್ತಲಿಗೆ ಹೊರಟುಹೋದನು. ಕಿರಿಯ ತಂಗಿ, ತನಗೇನೂ ಬೇಡ, ಬೇಕಾದಲ್ಲಿ ರುಜು ಹಾಕುವೆನೆಂದು ಅತ್ತಳು. ಗಂಟೆ ಹನ್ನೊಂದಾಗಿತ್ತು. ಮುಂಗಡದವರು ಎರಡಕ್ಕೆ ಬರುವವರು.

ಆಗ ಹಿರಿಯಮ್ಮ ಪಡಸಾಲೆಯ ಕುರ್ಚಿಯಿಂದಲೇ ಮಗನನ್ನು ಕೂಗಿ ಕರೆದರು. ಬುದ್ಧಿವಾದ ಹೇಳಲಿಲ್ಲ. “ನಂಜನಗೂಡಿನ ಮನೆ ಮಾರಿದ್ದು ಯಾವಾಗ, ಗೊತ್ತೇನೋ?” ಎಂದರು. ಅವನಿಗೆ ಗೊತ್ತಿರಲಿಲ್ಲ. “ನನಗೂ ಗೊತ್ತಿರಲಿಲ್ಲ. ಎಪ್ಪತ್ತನಾಲ್ಕರಲ್ಲಿ ಮಾರಿದರು. ನನಗೆ ತಿಳಿದದ್ದು ಎಪ್ಪತ್ತಾರರಲ್ಲಿ. ಗೌರಿಹಬ್ಬಕ್ಕೆ ಮೊರ ಹಿಡಿದುಕೊಂಡು ಹೋಗಿ ಬಾಗಿಲು ತಟ್ಟಿದೆ. ಯಾರೋ ತೆಗೆದರು.”

ಇಷ್ಟೇ ಅವರು ಹೇಳಿದ್ದು. ಈ ಸಂಗತಿಯನ್ನು ಐವತ್ತು ವರ್ಷ ಅವರು ಯಾರ ಮುಂದೆಯೂ ಆಡಿರಲಿಲ್ಲ. ವರ್ಷಕ್ಕೊಮ್ಮೆ ಆ ಮನೆಯ ರಾಜರಾಣಿಯರನ್ನು ಪೆಟ್ಟಿಗೆಯಿಂದ ತೆಗೆದು, ಒರೆಸಿ, ಮೇಲಿನ ಮೆಟ್ಟಿಲಿನಲ್ಲಿ ಇಡುತ್ತಿದ್ದರು.

ಮಧ್ಯಾಹ್ನ ಮೆರವಣಿಗೆಗಾಗಿ ಬೀದಿಗಳನ್ನು ಮುಚ್ಚಿದ್ದುದರಿಂದ ಕೊಳ್ಳುವವರು ಕಾರನ್ನು ದೂರದಲ್ಲಿ ಬಿಟ್ಟು, ತಟ್ಟೆಯಲ್ಲಿ ಹಣ್ಣು ಕಾಯಿಗಳನ್ನು ಹಿಡಿದು, ಜನರ ನಡುವೆ ಬೆವರುತ್ತ ನಡೆದು ಬಂದರು. ವಕೀಲರ ಕರಡನ್ನು ತಿದ್ದಿಯಾಗಿತ್ತು, ಮಾರುವವರು ಐವರು. ಹಿರಿಯಣ್ಣನೇ ತನ್ನ ಕೈಯಿಂದ ಎರಡು ಹೆಸರುಗಳನ್ನು ಸೇರಿಸಿದ್ದನು. ಸಿಟ್ಟು ಇಳಿದಿತ್ತೆಂದು ಹೇಳಲಾಗದು. ಹೆಸರು ಬರೆದ ಅಕ್ಷರಗಳು ಕಾಗದದ ಹಿಂಬದಿಯಲ್ಲಿ ಉಬ್ಬಿಕೊಂಡಿದ್ದವು. ಬನ್ನಿಮಂಟಪದ ಕಡೆಗೆ ಅಭಿಮನ್ಯು ಅಂಬಾರಿ ಹೊತ್ತು ಹೊರಟ ಆ ಸಂಜೆ ಮನೆಯವರಾರೂ ನೋಡಲು ಹೋಗಲಿಲ್ಲ. ರಾತ್ರಿ ಆರತಿಯಾಗಿ ಪಟ್ಟದ ಬೊಂಬೆಗಳನ್ನು ಮಲಗಿಸಿದರು. ಮಾರನೆಯ ದಿನ ಅವುಗಳನ್ನು ಹಳೆಯ ಸೀರೆಗಳಲ್ಲಿ ಸುತ್ತಿ ಪೆಟ್ಟಿಗೆಗೆ ಇಡುವಾಗ, ಹಿರಿಯಮ್ಮ ತಮ್ಮ ಜೊತೆಯನ್ನು ಹೆಣ್ಣುಮಕ್ಕಳಿಗೆ ಕೊಡಲಿಲ್ಲ. ನಲವತ್ತು ವರ್ಷ ಮೆಟ್ಟಿಲು ಕಟ್ಟಿದ ಸೊಸೆಗೆ ಕೊಟ್ಟರು. ಆ ಆಸ್ತಿಯ ವಿಷಯದಲ್ಲಿ ಯಾರೂ ಕಾಯಿದೆಯನ್ನು ಎತ್ತಲಿಲ್ಲ.

ಕ್ರಯಪತ್ರವು ಅಷ್ಟು ಬೇಗ ಆಗಲಿಲ್ಲ. ಆಯುಧಪೂಜೆ, ವಿಜಯದಶಮಿ, ಭಾನುವಾರ, ಹೀಗೆ ಸಾಲಾಗಿ ಮೂರು ದಿನ ನೋಂದಣಿ ಕಚೇರಿಗೆ ರಜೆ. ಅದಲ್ಲದೆ ಆ ಅಕ್ಟೋಬರಿನಿಂದ ರಾಜ್ಯದಲ್ಲಿ ಇ-ಖಾತೆಯಿಲ್ಲದೆ ಸ್ವತ್ತಿನ ನೋಂದಣಿಯಿಲ್ಲವೆಂದಾಯಿತು. ಹುಡುಕಿ ನೋಡಿದರೆ ಮನೆಯ ಖಾತೆ ಇನ್ನೂ 1951ರಲ್ಲಿ ತೀರಿಕೊಂಡ ತಾತನ 

ಹೆಸರಿನಲ್ಲಿಯೇ ಇದ್ದಿತು, ಎಪ್ಪತ್ತಮೂರು ವರ್ಷ ಕಂದಾಯವನ್ನು ಅವರೇ ಕಟ್ಟುತ್ತಿದ್ದರೆಂದು ನಗರಪಾಲಿಕೆಯ ಪುಸ್ತಕಗಳು ನಂಬಿದ್ದವು. ಮರಣದ ದಾಖಲೆ, ವಂಶವೃಕ್ಷ, ಋಣಭಾರ ಪತ್ರ, ಎಲ್ಲವೂ ಆಗಬೇಕು. ತಮ್ಮನ ರಜೆ ಮುಗಿಯುತ್ತ ಬಂದಿತು. ತನ್ನ ಪರವಾಗಿ ರುಜು ಹಾಕಲು ಯಾರಿಗಾದರೂ ಅಧಿಕಾರಪತ್ರ ಬರೆದುಕೊಟ್ಟು ಹೋಗಬೇಕು. “ಅಕ್ಕನಿಗೆ ಬರೆದುಕೊಡು. ಎಲ್ಲರ ಕಾಗದವೂ ನನ್ನ ಕೈಯಲ್ಲೇ ಇರುವುದು ಬೇಡ” ಎಂದನು ಹಿರಿಯಣ್ಣ. ಇದು ವಿಶ್ವಾಸದ ಮಾತೋ ನೊಂದ ಮಾತೋ ಎಂದು ಮನೆಯವರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಎರಡೂ ಆಗಿದ್ದಿರಬಹುದು.

ಇ-ಖಾತೆ ಕೈಗೆ ಬರುವ ಹೊತ್ತಿಗೆ ಧನುರ್ಮಾಸ ಬಂದಿತ್ತು, ಕೊಳ್ಳುವವರು ಒಪ್ಪಲಿಲ್ಲ. ಸಂಕ್ರಾಂತಿ ಕಳೆದು, 2025ರ ಮಾಘದಲ್ಲಿ ದಿನ ನಿಶ್ಚಯವಾಯಿತು. ನಡುವೆ ಲೆಕ್ಕಪರಿಶೋಧಕರೊಬ್ಬರು ತೆರಿಗೆಯ ವಿಷಯ ತಿಳಿಸಿದರು. 2001ರ ಏಪ್ರಿಲ್ 1ಕ್ಕೆ ಹಿಂದಿನ ಸ್ವತ್ತುಗಳಿಗೆ ಆ ದಿನದ ಬೆಲೆಯನ್ನೇ ಮೂಲಬೆಲೆಯೆಂದು ಹಿಡಿಯಬಹುದಂತೆ. ಅರಮನೆಯ ಓರಗೆಯ ಮನೆ ತೆರಿಗೆಯವರ ಕಣ್ಣಿಗೆ ಇಪ್ಪತ್ತನಾಲ್ಕು ವರ್ಷದ್ದಾಗಿ ಕಂಡಿತು. ಪಾಲಿನ ವಿಷಯವೂ ಅಷ್ಟರಲ್ಲಿ ಹೇಗೋ ಇತ್ಯರ್ಥವಾಗಿತ್ತು. ಅಣ್ಣನು ಲೆಕ್ಕ ಕೊಡಲಿಲ್ಲ. ತಂಗಿಯರಿಬ್ಬರೂ ತಮ್ಮನೂ ಸೇರಿ ತಾವೇ ಒಂದು ಅಂದಾಜು ಹಾಕಿ ಅವನ ಪಾಲಿಗೆ ಕೂಡಿಸಿದರು. ಅವನು ಬೇಡವೆನ್ನಲೂ ಇಲ್ಲ, ಸರಿಯೆನ್ನಲೂ ಇಲ್ಲ.

ವೃದ್ಧರು ಕಚೇರಿಗೆ ಬರಲಾರದಿದ್ದರೆ ಅಧಿಕಾರಿಗಳೇ ಮನೆಗೆ ಬಂದು ನೋಂದಣಿ ಮಾಡುವುದಕ್ಕೆ 1908ರ ಕಾಯಿದೆಯಲ್ಲಿ ಅವಕಾಶವುಂಟು. ವಕೀಲರು ಅದನ್ನು ಸೂಚಿಸಿದಾಗ ಹಿರಿಯಮ್ಮ ಒಪ್ಪಲಿಲ್ಲ. “ಮನೆಯೊಳಗೆ ಕೂತುಕೊಂಡು ಮನೆ ಮಾರುವುದು ಬೇಡ” ಎಂದರು. ಕಚೇರಿಗೇ ಹೋಗಿ, ಯಂತ್ರದ ಮುಂದೆ ಕುಳಿತು, ಸೆರಗು ಸರಿಪಡಿಸಿಕೊಂಡು, ಛಾಯಾಚಿತ್ರ ತೆಗೆಸಿಕೊಂಡರು. ಸವೆದ ಹೆಬ್ಬೆರಳಿನ ಗುರುತನ್ನು ಯಂತ್ರವು ನಾಲ್ಕನೆಯ ಸಲಕ್ಕೆ ಗುರುತಿಸಿತು. ಹಿರಿಯ ಮಗಳು ಎರಡು ಸಲ ರುಜು ಹಾಕಿದರು, ತಮಗಾಗಿ ಒಮ್ಮೆ, ತಮ್ಮನಿಗಾಗಿ ಒಮ್ಮೆ. ಬೀಗದ ಕೈಗಳ ಗೊಂಚಲಿನಲ್ಲಿ ಹದಿನಾಲ್ಕು ಕೈಗಳಿದ್ದವು. ಅವುಗಳಲ್ಲಿ ಎಂಟು ಯಾವ ಬೀಗದ್ದೆಂದು ಮಾರಿದವರಿಗೂ ತಿಳಿದಿರಲಿಲ್ಲ.

ಹಿರಿಯಣ್ಣನ ಸಂಸಾರವು ತಾಯಿಯೊಡನೆ ಊರ ಹೊರಗಿನ ಕಟ್ಟಡವೊಂದರ ಮೂರನೆಯ ಅಂತಸ್ತಿಗೆ ಹೋಯಿತು. ಅಕ್ಕತಂಗಿಯರೊಡನೆ ಮಾತು ನಿಂತುಹೋಗಲಿಲ್ಲ, ಕಡಮೆಯಾಯಿತು. ದೂರವಾಣಿಯಲ್ಲಿ ತಾಯಿಯ ಆರೋಗ್ಯ, ಮಳೆ, ಮಾತ್ರೆಗಳ ಬೆಲೆ, ಇಷ್ಟರ ಮಟ್ಟಿಗೆ.

2025ರ ಆಗಸ್ಟ್ 26ರಂದು ಗೌರಿಹಬ್ಬ. ಹಿರಿಯ ಮಗಳು ಹಾಸನದಿಂದ ಬಸ್ಸಿನಲ್ಲಿ ಬಂದರು, ಮೊರದ ಬಾಗಿನವನ್ನು ತೊಡೆಯ ಮೇಲೆ ಇಟ್ಟುಕೊಂಡು. ಕಟ್ಟಡದ ಬಾಗಿಲಿನಲ್ಲಿ ಕಾವಲಿನವನು ಹೆಸರು, ಯಾರ ಮನೆಗೆ, ಎಂದು ಪುಸ್ತಕದಲ್ಲಿ ಬರೆಯಿಸಿಕೊಂಡನು. ಹಿರಿಯಮ್ಮನನ್ನು ಅಡಿಗೆಮನೆಗೂ ನಡುಮನೆಗೂ ನಡುವಿನ ಕಿರಿದಾದ ಜಾಗದಲ್ಲಿ, ಪೂರ್ವಕ್ಕೆ ಮುಖವಾಗಿ, ಕುರ್ಚಿಯಲ್ಲಿ ಕೂರಿಸಿದ್ದರು. ಮಗಳು ಸೆರಗನ್ನು ಮುಚ್ಚಿ ಮೊರವನ್ನು ಹಿಡಿದರು. ತಾಯಿಯೂ ಸೆರಗನ್ನು ಮುಚ್ಚಿ ತೆಗೆದುಕೊಂಡರು.

ಸಂಜೆ ಹೊರಡುವಾಗ ಅಣ್ಣನು ಬಸ್ ನಿಲ್ದಾಣದವರೆಗೂ ಬಂದನು. ತಂದೆ ಬದುಕಿದ್ದಾಗ, ಮಗಳು ಊರಿಗೆ ಹೊರಟಳೆಂದರೆ, ಬಸ್ಸಿನ ಚಾರ್ಜಿಗೆಂದು ಮಡಿಸಿದ ನೋಟೊಂದನ್ನು ಅವಳ ಕೈಯಲ್ಲಿ ಇಡುತ್ತಿದ್ದರು. ಬಸ್ಸು ಹೊರಡುವ ಹೊತ್ತಿಗೆ ಅಣ್ಣನು ಜೇಬಿನಿಂದ ನೂರರ ನೋಟೊಂದನ್ನು ತೆಗೆದು ಮಡಿಸಿ, ಕಿಟಕಿಯೊಳಗಿಂದ ನೀಡಿದನು. 2023ರ ಜೂನ್ 11ರಿಂದ ಕರ್ನಾಟಕದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣದ ದರವಿಲ್ಲವೆಂಬುದು ಇಬ್ಬರಿಗೂ ತಿಳಿದಿದ್ದಿತು.

“ನನಗೆ ಬಸ್ಸಿಗೆ ದುಡ್ಡಿಲ್ಲವಲ್ಲ, ಅಣ್ಣ” ಎಂದರು ಅವರು.

“ಗೊತ್ತು. ಇಟ್ಟುಕೋ” ಎಂದನು.

ಅವರು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.